ನನಗೆ ನಾನೇ ಸವತಿ, ಮತ್ತು ಮೂವರು ವಕೀಲರು

ಒಬ್ಬ ವಕೀಲರನ್ನು ಆರಿಸುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ತಿಳಿದಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವಳು ನಾನು. ಅನುಭವಕ್ಕೆ ಇಷ್ಟು ಅಂಕ, ಓದಿಗೆ ಇಷ್ಟು, ಕಚೇರಿಯಲ್ಲಿ ಕಂಪ್ಯೂಟರ್ ಇದ್ದರೆ ಇಷ್ಟು ಎಂದು ಒಂದು ಕೋಷ್ಟಕ ಹಾಕಬೇಕು. ಕೂಡಿಸಬೇಕು. ಹೆಚ್ಚು ಅಂಕ ಬಂದವರ ಬಾಗಿಲು ತಟ್ಟಬೇಕು. ಮುಗಿಯಿತು! ಇದರಲ್ಲಿ ಹಿರಿಯರ ಸಲಹೆಗಾಗಲಿ, ನೆರೆಯವರ ಅಭಿಪ್ರಾಯಕ್ಕಾಗಲಿ ಜಾಗವಿಲ್ಲ.

ಆ ಕೋಷ್ಟಕ ಇನ್ನೂ ನನ್ನ ಹತ್ತಿರ ಇದೆ. ಯಾರಿಗೂ ತೋರಿಸುವುದಿಲ್ಲ.

ವಕೀಲರು ಏಕೆ ಬೇಕಾದರು ಎಂಬುದನ್ನು ಮೊದಲು ಹೇಳಬೇಕು. ನಮ್ಮವರು ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಯಂತ್ರಗಳ ಮೆಕ್ಯಾನಿಕ್. ಅವರ ಕೈಗುಣ ನೋಡಿ ಕೆನಡಾದ ಒಂದು ಕಲ್ಲಿನ ಕಂಪನಿ ಕರೆದುಕೊಂಡಿತು. ಮದುವೆಯಾಗಿ ಇಪ್ಪತ್ಮೂರನೆಯ ದಿನ ಅವರು ವಿಮಾನ ಹತ್ತಿದರು. ಬಾಗಲಕೋಟೆಯ ತವರು ಬಿಟ್ಟು ಬಂದ ನಾನು ಇಳಕಲ್ಲಿನಲ್ಲಿ ಅತ್ತೆ, ಮಾವ ಮತ್ತು ಮೂರು ಮಗ್ಗಗಳ ಸದ್ದಿನ ನಡುವೆ ಉಳಿದೆ. ಹೆಂಡತಿಯಾಗಿ ಅಲ್ಲಿಗೆ ಹೋಗಲು ಅರ್ಜಿ ಹಾಕಿದೆ. ಎಂಟು ತಿಂಗಳ ಮೇಲೆ ವೀಸಾ ಕಚೇರಿಯಿಂದ ಪತ್ರ ಬಂತು.

ಪತ್ರದ ಸಾರಾಂಶ ಹೀಗಿತ್ತು. ಅರ್ಜಿದಾರರಾದ ಸುನಂದಾ ಅವರು ದಾಂಪತ್ಯದ ಪುರಾವೆಯಾಗಿ ಗಂಡನಿಂದ ಬಂದ ಒಂಬತ್ತು ಲಕೋಟೆಗಳನ್ನು ಕಳಿಸಿದ್ದಾರೆ. ಒಂಬತ್ತೂ ಖಾಲಿ ಇವೆ. ಒಂಬತ್ತೂ ಭಾಗ್ಯಶ್ರೀ ಎಂಬ ಬೇರೊಬ್ಬ ಮಹಿಳೆಯ ಹೆಸರಿಗೆ ಇವೆ. ಅರವತ್ತು ದಿನಗಳೊಳಗೆ ವಿವರಣೆ ಬರದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.

ಬೇರೊಬ್ಬ ಮಹಿಳೆ! ಆ ಮಹಿಳೆ ನಾನೇ! ನಮ್ಮ ಅತ್ತೆಯವರ ಹೆಸರೂ ಸುನಂದಾ. "ಒಂದ ಮನ್ಯಾಗ ಎರಡು ಸುನಂದಾ ಆದ್ರ ಹೆಂಗ? ನನ್ನ ಮಗ ಹೇಂತಿನ್ನ ಅವ್ವನ ಹೆಸರಲೇ ಕರೀಬೇಕೇನು?" ಎಂದು ಅವರು ಮದುವೆಯ ದಿನವೇ ತೀರ್ಪು ಕೊಟ್ಟರು. ತಟ್ಟೆಯಲ್ಲಿ ಅಕ್ಕಿ ಹರವಿ, ನಮ್ಮವರ ಕೈಗೆ ಉಂಗುರ ಕೊಟ್ಟು, 'ಭಾಗ್ಯಶ್ರೀ' ಎಂದು ಬರೆಸಿದರು. ನಮ್ಮ ಕಡೆ ಇದು ವಾಡಿಕೆ. ಎಂ.ಎಸ್ಸಿ. ಪ್ರಮಾಣಪತ್ರದಲ್ಲಿರುವ ನನ್ನ ಹೆಸರನ್ನು ಅಕ್ಕಿಯಲ್ಲಿ ಬದಲಿಸಿದ್ದು ನನಗೆ ಎಷ್ಟು ಸಿಟ್ಟು ತಂದಿತೆಂದರೆ, ಆ ಹೆಸರನ್ನು ನಾನು ಯಾರ ಮುಂದೆಯೂ ನನ್ನದೆಂದು ಒಪ್ಪಿಕೊಂಡಿರಲಿಲ್ಲ.

ಲಕೋಟೆ ಖಾಲಿ ಏಕೆ ಎಂದು ಕೇಳುತ್ತೀರಾ? ಗಂಡ ಬರೆದ ಪತ್ರವನ್ನು ಒಂದು ಸರ್ಕಾರ ಏಕೆ ಓದಬೇಕು? ಪುರಾವೆ ಕೇಳಿದರು, ಅಂಚೆಯ ಮುದ್ರೆ ಕಳಿಸಿದೆ. ಒಳಗಿನದು ನನ್ನದು!

ಈ ನೀತಿಯೊಂದಿಗೆ ನಾನು ಕೋಷ್ಟಕಕ್ಕೆ ಕೂತೆ. ಏಳು ಜನ ವಕೀಲರಲ್ಲಿ ಬಾಗಲಕೋಟೆಯ ನವನಗರದ ಒಬ್ಬರಿಗೆ ನೂರಕ್ಕೆ ಎಂಬತ್ತಾರು ಅಂಕ ಬಂದವು. ಅವರ ಜಾಹೀರಾತಿನಲ್ಲಿ 'ವಲಸೆ ಪ್ರಕರಣಗಳ ತಜ್ಞರು' ಎಂದು ದಪ್ಪ ಅಕ್ಷರದಲ್ಲಿತ್ತು. ನವನಗರದ ಒಂದೇ ನಮೂನೆಯ ಮನೆಗಳ ನಡುವೆ ಎರಡು ತಾಸು ಅಲೆದು ಅವರ ಕಚೇರಿ ಹಿಡಿದೆ. ಕಂಪ್ಯೂಟರ್ ಇತ್ತು. ಅದಕ್ಕೆ ಬಟ್ಟೆ ಹೊದಿಸಿತ್ತು.

"ಕೆನಡಾದ ವಲಸೆ ಪ್ರಕರಣ ಮಾಡಿದ್ದೀರೇನ್ರಿ?" ಎಂದು ಕೇಳಿದೆ.

ವಕೀಲರು ನಕ್ಕರು. "ತಂಗೀ, ಅಣೆಕಟ್ಟಿನ ನೀರು ಬಂದು ಹಳೇ ಬಾಗಲಕೋಟಿ ಮುಳುಗೂ ಹೊತ್ತಿನ್ಯಾಗ, ಒಂದೂರನ್ನ ಎತ್ತಿ ಇನ್ನೊಂದ ಕಡೆ ಇಟ್ಟಾಂವ ನಾನು! ನಿಮ್ಮನ್ನೊಬ್ಬರನ್ನ ಕೆನಡಾದಾಗ ಇಡೂದು ಏನ್ ದೊಡ್ಡ ಮಾತ?"

ಅಲ್ಲಿಗೇ ಎದ್ದು ಬರಬೇಕಾಗಿತ್ತು. ಆದರೆ ಎಂಬತ್ತಾರು ಅಂಕ! ಶಾಸ್ತ್ರಕ್ಕೆ ದ್ರೋಹ ಬಗೆಯುವುದು ಹೇಗೆ? ಕೂತೆ.

"ಮನಿ ಪೂರ್ತಿ ಮುಳುಗೇತೇನು?"

"ಇಲ್ಲರಿ."

"ಅರ್ಧಾ?"

"ಮನಿ ಮುಳುಗಿಲ್ಲರಿ! ನಾ ಗಂಡನ ಕಡೆ ಹೋಗಬೇಕು."

"ಆತು, ಆ ಕಾಲಂ ಖಾಲಿ ಬಿಡೂಣು. ಈ ಭಾಗ್ಯಶ್ರೀ ಅನ್ನಾಕಿ ಯಾರು?"

ಬೆಂಚಿನ ಮೇಲೆ ಪರಿಹಾರದ ಅರ್ಜಿ ಹಿಡಿದು ಕೂತಿದ್ದ ನಾಲ್ವರು ಒಮ್ಮೆಲೇ ನನ್ನ ಕಡೆ ತಿರುಗಿದರು. ಅತ್ತೆ, ಅಕ್ಕಿ, ಉಂಗುರ ಎಲ್ಲವನ್ನೂ ಈ ಅಪರಿಚಿತರ ಮುಂದೆ ಹೇಳುವುದೇ? "ದಾಖಲೆ ಪ್ರಕಾರ ಅಂಥವರು ಯಾರೂ ಇಲ್ಲರಿ" ಎಂದೆ. ಮಾತು ಅಕ್ಷರಶಃ ಸತ್ಯ.

"ಭೇಶ್! ಹಂಗಾರ ಕೆಲಸ ಹಗುರಾತು" ಎಂದ ವಕೀಲರು, ತಮ್ಮ ಎಲ್ಲ ಅರ್ಜಿಗಳಿಗೂ ಹಚ್ಚುವಂತೆ ಈ ಉತ್ತರಕ್ಕೂ ನಮ್ಮ ಮನೆಯ ರೇಷನ್ ಕಾರ್ಡಿನ ನಕಲು ಹಚ್ಚಿ ಕಳಿಸಿದರು. ಅದರಲ್ಲಿ ನನ್ನ ಹೆಸರು ಇನ್ನೂ ಸೇರಿರಲಿಲ್ಲ. ಮೂವತ್ತಾರನೆಯ ದಿನ ಉತ್ತರ ಬಂತು: 'ಪಾಸ್‌ಪೋರ್ಟಿನ ಪ್ರಕಾರ ಸುನಂದಾರ ವಯಸ್ಸು ಇಪ್ಪತ್ತನಾಲ್ಕು. ರೇಷನ್ ಕಾರ್ಡಿನ ಪ್ರಕಾರ ಐವತ್ತೆಂಟು. ಇದನ್ನೂ ವಿವರಿಸಿ. ಗಡುವು ಬದಲಾಗುವುದಿಲ್ಲ.'

ಪತ್ರದ ಅರ್ಥ ಹೇಳಿದಾಗ ಅತ್ತೆ ಗಾಬರಿಯಾದರು. "ಅಯ್ಯ, ನನ್ನನ್ಯಾಕ ಕರಸಾಕತ್ತ್ಯಾರ? ಅಲ್ಲಿ ಭಾಳ ಥಂಡಿ ಐತಂತ. ನಾ ಒಲ್ಲೆ!"

ಮಾವನವರು ನನ್ನ ಕೋಷ್ಟಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು. "ಸಾಕವಾ ನಿನ್ನ ಲೆಕ್ಕ. ವಕೀಲನ್ನ ಆರಿಸೂದು ಸೀರಿ ಆರಿಸಿದಂಗ. ಬಣ್ಣ ಬಿಡ್ತೈತೋ ಇಲ್ಲೋ ಅಷ್ಟ ನೋಡಬೇಕು. ನಡಿ ಹುನಗುಂದಕ್ಕ."

ಹುನಗುಂದದ ವಕೀಲರು ಹೊಲಮನೆಗಳ ಪಾಲಿನ ದಾವೆಗಳಲ್ಲಿ ಹೆಸರಾದವರು. ಅವರ ಅಜ್ಜಿಯ ಮದುವೆಯ ಸೀರೆ ನಮ್ಮ ಮಾವನವರ ತಂದೆಯ ಮಗ್ಗದ್ದು. ಇದೇ ಅವರ ಮುಖ್ಯ ಅರ್ಹತೆ! ಮಾವನವರು ಅವರೊಡನೆ ಒಂದು ತಾಸು ಬೀಗರ ಆರೋಗ್ಯ, ಮರೋಳದ ಕಡೆಯ ಹೊಲಕ್ಕೆ ನೀರು ಬಂತೇ, ಗುಡೂರಿನಲ್ಲಿ ಯಾರಿಗೆ ಯಾರು ಏನಾಗಬೇಕು ಎಂದೆಲ್ಲ ಮಾತಾಡಿದರು. ನನ್ನ ವಿಷಯ ಬರಲೇ ಇಲ್ಲ. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿ, "ಬಣ್ಣ ಗಟ್ಟಿ ಐತಿ. ನೀ ಹೇಳು, ನಾ ಚಾ ಕುಡದ ಬರ್ತೇನಿ" ಎಂದು ಹೊರಗೆ ಹೋದರು.

ಹೋಗಬಾರದ ಹೊತ್ತಿಗೆ ಹೋದರು.

ವಕೀಲರು ಎರಡೂ ಪತ್ರ ಓದಿದರು. ಕನ್ನಡಕ ತೆಗೆದರು. "ಅಲ್ರಿ ತಂಗೀ, ಈ ಭಾಗ್ಯಶ್ರೀ ಅನ್ನಾಕಿ ನಾಳೆ ಬಂದು ಪಾಲು ಕೇಳಿದ್ರ ಏನ್ ಗತಿ?"

"ಪಾಲು?"

"ಮೂರು ಮಗ್ಗ, ಒಂದು ಮನಿ. ಎರಡನೇ ಹೇಂತಿ ಅಂದ್ರ ಸುಮ್ಮನ ಕುಂದರ್ತಾಳೇನು? ಖರೆ ಹೇಳ್ರಿ, ಆಕಿ ಅದಾಳೋ ಇಲ್ಲೋ?"

ಟೈಪಿಸ್ಟನ ಬೆರಳು ಯಂತ್ರದ ಮೇಲೆ ನಿಂತುಬಿಟ್ಟಿತ್ತು. ಮೂವರು ಕಕ್ಷಿದಾರರು ನನ್ನ ಕಡೆಗೇ ಕಿವಿ ಕೊಟ್ಟಿದ್ದರು. "ಕಾನೂನಿನ ಪ್ರಕಾರ ಇಲ್ಲರಿ!" ಎಂದು ಗಟ್ಟಿಯಾಗಿ ಹೇಳಿದೆ.

"ಅಷ್ಟ ಸಾಕು" ಎಂದರು ವಕೀಲರು. ಅವರಿಗೆ ನಿಜಕ್ಕೂ ಅಷ್ಟೇ ಸಾಕಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಜಿಲ್ಲೆಯ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಮಾವನವರ ಹೆಸರು, ಓಣಿ, ಮಗನ ಹೆಸರು ಎಲ್ಲವೂ ಇದ್ದವು. 'ತಿಳಿಯಪಡಿಸುವುದೇನೆಂದರೆ, ಭಾಗ್ಯಶ್ರೀ ಎಂಬ ಮಹಿಳೆಗೂ ನಮ್ಮ ಕಕ್ಷಿದಾರರ ಸುಪುತ್ರರಿಗೂ ಯಾವುದೇ ಸಂಬಂಧ ಇರುವುದಿಲ್ಲ. ಸದರಿಯವಳು ಮನೆಯಲ್ಲಾಗಲಿ ಮಗ್ಗಗಳಲ್ಲಾಗಲಿ ಹಕ್ಕು ಕೇಳಿದಲ್ಲಿ ಅದು ಅಸಿಂಧು.'

ಇಡೀ ಇಳಕಲ್ಲಿಗೆ ನಾನು ಗೊತ್ತಿದ್ದದ್ದೇ ಭಾಗ್ಯಶ್ರೀ ಎಂದು!

ಮೊದಲು ಬಂದವಳು ಪಕ್ಕದ ಮನೆಯ ಗಂಗವ್ವ. ಕಣ್ಣಿಗೆ ಆಗಲೇ ಸೆರಗು ಹಚ್ಚಿದ್ದಳು. "ಭಾಗ್ಯಾ, ಪೇಪರಿನ್ಯಾಗ ಹಾಕಿ ಬಿಟ್ರಲ್ಲ ಯವ್ವಾ! ಮನ್ಯಾಗರ ಹೇಳಿ ಬಿಡಬಾರದಿತ್ತೇನು?" ಅವಳ ಹಿಂದೆ ಓಣಿಯೇ ಬಂತು. ನಾನು ಒಲೆಯ ಮುಂದೆ ಉಪ್ಪಿಟ್ಟು ತಿರುವುತ್ತಿದ್ದೆ. ಗಂಡ ಬಿಟ್ಟವಳು ಇಷ್ಟು ಧೈರ್ಯದಿಂದ ಉಪ್ಪಿಟ್ಟು ಮಾಡುವುದನ್ನು ಎಲ್ಲರೂ ಮೆಚ್ಚಿದರು.

ಹನ್ನೊಂದರ ಬಸ್ಸಿಗೆ ಬಾಗಲಕೋಟೆಯಿಂದ ನಮ್ಮ ಅಪ್ಪ ಇಳಿದರು. ಪತ್ರಿಕೆಯನ್ನು ಕೋಲಿನಂತೆ ಸುತ್ತಿ ಹಿಡಿದಿದ್ದರು.

"ಬೀಗರ, ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ? ಮೊದಲ ಅದನ್ನ ಹೇಳ್ರಿ!"

ಮಾವನವರು ಕೈ ಮುಗಿದರು. "ನಿಮ್ಮ ಸುನಂದಾನ್ನ ನಾವು ಬಿಟ್ಟಿಲ್ಲರಿ, ಬೀಗರ! ಭಾಗ್ಯಶ್ರೀನ್ನ ಅಷ್ಟ ಬಿಟ್ಟೀವಿ!"

"ಇಬ್ಬರೂ ಒಬ್ಬಾಕಿನ ಅಲ್ಲೇನ್ರಿ?"

"ಅದು ನಿಮಗ ಗೊತ್ತು, ನನಗ ಗೊತ್ತು. ವಕೀಲಗ ಗೊತ್ತಿಲ್ಲ."

"ಯಾಕ ಗೊತ್ತಿಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಉಪ್ಪಿಟ್ಟು ನೋಡಿದೆ.

ಅನಾಹುತ ಇಲ್ಲಿಗೆ ನಿಲ್ಲಲಿಲ್ಲ. ಕರ್ತವ್ಯನಿಷ್ಠ ವಕೀಲರು ಆ ಪ್ರಕಟಣೆಯ ತುಣುಕನ್ನು ಇಂಗ್ಲಿಷಿಗೆ ಅನುವಾದಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ವೀಸಾ ಕಚೇರಿಗೂ ಕಳಿಸಿಬಿಟ್ಟಿದ್ದರು. ಅಂದರೆ, ತಾನು ಪತ್ರ ಬರೆಯುವ ಮಹಿಳೆಯೊಡನೆ ಗಂಡನಿಗೆ ಸಂಬಂಧವೇ ಇಲ್ಲ ಎಂದು ನಮ್ಮ ಕಡೆಯಿಂದಲೇ ಲಿಖಿತ ಹೇಳಿಕೆ! ಗಡುವಿಗೆ ಹದಿಮೂರು ದಿನ ಉಳಿದಿತ್ತು.

ಮರುದಿನ ಕೆನಡಾದಿಂದ ಫೋನ್ ಬಂತು. ಊರಿನ ಗೆಳೆಯನೊಬ್ಬ ನಮ್ಮವರಿಗೆ ಸುದ್ದಿ ಮುಟ್ಟಿಸಿದ್ದ.

"ಏನ ಸುನಂದಾ, ನಾ ನಿನ್ನ ಬಿಟ್ಟೇನಂತಲ್ಲ? ನನಗೊಂದು ಮಾತು ಹೇಳಬಾರದಿತ್ತೇನು?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಹೇಳಿದರು, ಅವರ ಕಂಪನಿಯ ಕೆಲಸಗಾರರ ವೀಸಾ ನೋಡಿಕೊಳ್ಳುವ ವಕೀಲೆಯೊಬ್ಬರು ಬೆಂಗಳೂರಿನಲ್ಲಿದ್ದಾರಂತೆ. ಮೊದಲಿನಿಂದಲೂ ಇದ್ದಾರಂತೆ! "ನೀ ಕೇಳಿದ್ರ ಹೇಳ್ತಿದ್ದೆ" ಎಂದರು. ನಾನು ಏಕೆ ಕೇಳಲಿಲ್ಲ? ಎಲ್ಲವನ್ನೂ ಒಬ್ಬಳೇ ಅಚ್ಚುಕಟ್ಟಾಗಿ ಮುಗಿಸಿ, ಆಮೇಲೆ ಸಹಜವೆಂಬಂತೆ ತಿಳಿಸಬೇಕೆಂದುಕೊಂಡಿದ್ದೆ.

ಮನೆಯ ಫೋನಿನಿಂದ ಎಸ್‌ಟಿಡಿ ಹೋಗುತ್ತಿರಲಿಲ್ಲ. ಬಸ್ ನಿಲ್ದಾಣದ ಬೂತಿಗೆ ಹೋಗಿ, ಎರಡೂ ಪತ್ರಗಳನ್ನೂ ಪ್ರಕಟಣೆಯನ್ನೂ ಬೆಂಗಳೂರಿಗೆ ಫ್ಯಾಕ್ಸ್ ಮಾಡಿಸಿ, ವಕೀಲೆಗೆ ಫೋನ್ ಹಚ್ಚಿದೆ. ಅದರ ಗಾಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ಹಿಂದೆ ಆರು ಜನ ಸರತಿಯಲ್ಲಿ ನಿಂತಿದ್ದರು.

"ಭಾಗ್ಯಶ್ರೀ ಯಾರು?" ಎಂದರು ವಕೀಲೆ.

"ನಾನೇ" ಎಂದು ಪಿಸುಗುಟ್ಟಿದೆ.

"ಜೋರಾಗಿ ಹೇಳಿ, ಕೇಳಿಸ್ತಿಲ್ಲ."

"ನಾನೇ!"

"ಐವತ್ತೆಂಟು ವರ್ಷದ ಸುನಂದಾ?"

"ನಮ್ಮ ಅತ್ತಿ!"

"ಹಾಗಾದ್ರೆ ಪೇಪರ್‌ನಲ್ಲಿ ಬಿಟ್ಟಿದ್ದು ಯಾರನ್ನ?"

"ನನ್ನನ್ನ!"

ಸರತಿ ನನ್ನ ಹತ್ತಿರಕ್ಕೆ ಸರಿಯಿತು.

"ಇದನ್ನ ಮೊದಲಿನ ವಕೀಲರಿಗೆ ಯಾಕಮ್ಮ ಹೇಳಲಿಲ್ಲ?"

"ಅವರು ಸರಿಯಾಗಿ ಕೇಳಲಿಲ್ಲರಿ."

"'ಯಾರು' ಅಂತ ಕೇಳಿರ್ತಾರಲ್ಲಮ್ಮ! ಇನ್ನು ಹೇಗೆ ಕೇಳಬೇಕಿತ್ತು?"

ಅತ್ತೆ, ಅಕ್ಕಿ, ಉಂಗುರ ಎಲ್ಲವನ್ನೂ ಸರತಿಯ ಮುಂದೆಯೇ ಹೇಳಿದೆ. ವಕೀಲೆ ಮೂರು ವಸ್ತು ಕೇಳಿದರು: ನಡೆದದ್ದನ್ನು ನಡೆದಂತೆ ಬರೆದ ಒಂದು ಹಾಳೆ, ಅಕ್ಕಿಯಲ್ಲಿ ಹೆಸರು ಬರೆಯುತ್ತಿರುವ ಫೋಟೊ, ಮತ್ತು ಒಂದು ಪತ್ರ. ಲಕೋಟೆ ಅಲ್ಲ. ಪತ್ರ!

ಒಂಬತ್ತನ್ನೂ ತೆಗೆದು, ಅತ್ಯಂತ ನಿರುಪದ್ರವಿಯಾದದ್ದನ್ನು ಆರಿಸಿದೆ. ಒಂದೂವರೆ ಪುಟ ಯಂತ್ರದ ಬೆಲ್ಟಿನ ಬಗ್ಗೆ, ಅರ್ಧ ಪುಟ ಹಿಮದ ಬಗ್ಗೆ. ಕೊನೆಯಲ್ಲಿ ಮಾತ್ರ ಎರಡು ಸಾಲು: 'ಅವ್ವನ ಮನಸ್ಸಿಗೆ ಬ್ಯಾಸರ ಆಗಬಾರದಂತ ಮ್ಯಾಲೆ ಭಾಗ್ಯಶ್ರೀ ಅಂತ ಬರೀತೇನಿ. ನನಗ ನೀ ಸುನಂದಾನ.'

ವೀಸಾ ಕಚೇರಿಗೆ ಬೇಕಾಗಿದ್ದದ್ದೇ ಇದು. ಅದನ್ನು ನಾನು ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೆ.

ಅನುವಾದ ಬೇರೆಯವರೇ ಮಾಡಿ ಸಹಿ ಹಾಕಬೇಕಿತ್ತು. ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಆ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದರು. "ಕಡೀ ಸಾಲು ಭಾಳ ಚಲೋ ಬರದಾನ, ಕೂಸ" ಎಂದರು. ದಾರಿಯಲ್ಲಿ ನಿಂತಿದ್ದ ಇಬ್ಬರು ತಲೆಯಾಡಿಸಿದರು. ಸಂಜೆಯೊಳಗೆ ಇಳಕಲ್ಲಿಗೆ ಎರಡು ವಿಷಯ ತಿಳಿದವು: ನನ್ನನ್ನು ಬಿಟ್ಟಿಲ್ಲ, ಮತ್ತು ಕೆನಡಾದಲ್ಲಿ ಬೆಲ್ಟುಗಳು ಬೇಗ ಹರಿಯುತ್ತವೆ.

ಐವತ್ತೆಂಟನೆಯ ದಿನ ವೀಸಾ ಕಚೇರಿಗೆ ಫ್ಯಾಕ್ಸ್ ಹೋಯಿತು. ಎರಡು ತಿಂಗಳ ಮೇಲೆ ವೀಸಾ ಬಂತು.

ಟೊರಾಂಟೊ ವಿಮಾನ ನಿಲ್ದಾಣದಲ್ಲಿ ನನ್ನ ಸರದಿ ಬಂದಾಗ ನಾನು ಪೂರ್ಣ ಸಿದ್ಧಳಾಗಿದ್ದೆ. ಇನ್ನು ಯಾರಿಂದಲೂ ಏನನ್ನೂ ಮುಚ್ಚಿಡಬಾರದು ಎಂದು ಶಪಥ ಮಾಡಿದ್ದೆ. ಗಾಜಿನ ಹಿಂದಿದ್ದ ಅಧಿಕಾರಿ ಒಂದು ಪ್ರಶ್ನೆ ಕೇಳಿದ. ನಾನು ಅತ್ತೆಯಿಂದ ಶುರು ಮಾಡಿ, ಅಕ್ಕಿ, ಉಂಗುರ, ಮುಳುಗಡೆ, ಪಾಲಿನ ದಾವೆ, ಪ್ರಕಟಣೆ, ಗಂಗವ್ವನವರೆಗೆ ನಿಚ್ಚಳ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದೆ. ಫೋಟೊ ತೋರಿಸಿದೆ. ಪತ್ರದ ಕೊನೆಯ ಸಾಲನ್ನೂ ಓದಿ ಹೇಳಿದೆ!

ಆತ ತಾಳ್ಮೆಯಿಂದ ಕೇಳಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಚೀಲದಲ್ಲಿ ತಿನ್ನುವ ಪದಾರ್ಥ ಏನಾದರೂ ಇದೆಯೇ?

ಇತ್ತು. ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಕೆಂಪುಖಾರ. ವಿಮಾನದಲ್ಲಿ ಕೊಟ್ಟ ಫಾರ್ಮಿನಲ್ಲಿ ಅದನ್ನೊಂದನ್ನೇ ಬರೆದಿರಲಿಲ್ಲ. ಮೂರೂ ನನ್ನ ಕಣ್ಣೆದುರೇ ಕಸದ ತೊಟ್ಟಿ ಸೇರಿದವು.

ಹೊರಗೆ ನಮ್ಮವರು ದಪ್ಪ ಕೋಟು ಹಾಕಿಕೊಂಡು ನಿಂತಿದ್ದರು. ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಗಂಡನ ಮುಖ ನೋಡುತ್ತಿದ್ದೆ. ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ತೂಕ ನೋಡಿದರು. ಮುಖ ಸಣ್ಣದಾಯಿತು.

"ಅವ್ವ ಚಟ್ನಿ ಕಳಿಸೇನಿ ಅಂದಿದ್ಲು. ಎಲ್ಲೈತಿ?"