ಹತ್ತನೆಯ ಸೂಚಕ

ಮನುಷ್ಯ ತನ್ನ ನಿಜವಾದ ಯೋಗ್ಯತೆಯನ್ನು ಒಬ್ಬನೇ ನಿಂತು ನೋಡಿಕೊಳ್ಳುವ ಜಾಗಗಳು ಬಹಳ ಇಲ್ಲ. ಕನ್ನಡಿಯ ಮುಂದೆ ನಿಂತರೆ ಹೊಟ್ಟೆ ಒಳಕ್ಕೆ ಎಳೆದುಕೊಳ್ಳುತ್ತೇವೆ. ದೇವರ ಮುಂದೆ ನಿಂತರೆ ಕಣ್ಣು ಮುಚ್ಚಿಕೊಳ್ಳುತ್ತೇವೆ. ಉಳಿಯುವುದು ಮತಗಟ್ಟೆಯಲ್ಲಿ ರಟ್ಟು ನಿಲ್ಲಿಸಿ ಮರೆ ಮಾಡಿದ ಒಂದೂವರೆ ಅಡಿ ಜಾಗ. ಅಲ್ಲಿ ಹೊಟ್ಟೆ ಎಳೆದುಕೊಂಡರೆ ನೋಡುವವರಿಲ್ಲ, ಕಣ್ಣು ಮುಚ್ಚಿಕೊಂಡರೆ ಗುಂಡಿ ಕಾಣುವುದಿಲ್ಲ. ಎರಡು ಸಾವಿರದ ನಾಲ್ಕರ ಚುನಾವಣೆಯಲ್ಲಿ ಆ ಜಾಗದಲ್ಲಿ ನಾನು ನನ್ನನ್ನು ನೋಡಿಕೊಂಡೆ. ನೋಡಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಗುಂಡ್ಲುಪೇಟೆಯ ತಾಲ್ಲೂಕು ಕಚೇರಿ ಎದುರಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡು ಬದುಕುವವನು ನಾನು. ಇದ್ದದ್ದನ್ನು ಇದ್ದ ಹಾಗೆ ಹೊಡೆಯುವುದು ನನ್ನ ಕಸುಬು. ಅರ್ಜಿದಾರ ತನ್ನ ತಂದೆಯ ಹೆಸರನ್ನೇ ತಪ್ಪಾಗಿ ಬರೆದು ತಂದರೂ ಅವನನ್ನು ಕೇಳದೆ ತಿದ್ದಿದವನಲ್ಲ. ಆದ್ದರಿಂದ ಇದನ್ನೂ ತಿದ್ದದೆ ಹೇಳುತ್ತೇನೆ.

ಎಲ್ಲವೂ ಶುರುವಾದದ್ದು ಒಂದು ಅಂಚೆಚೀಟಿಯಿಂದ. ನಮ್ಮ ಬೀದಿಯ ಕೊನೆಯ ಮನೆಯ ನಂಜುಂಡಯ್ಯನವರು ಪೋಸ್ಟ್ ಮಾಸ್ಟರಾಗಿ ನಿವೃತ್ತರಾದವರು, ಬೀದಿಗೆಲ್ಲ ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜೀವಮಾನವೆಲ್ಲ ಬೇರೆಯವರ ಕಾಗದಗಳಿಗೆ ಮುದ್ರೆ ಒತ್ತಿದ ಮನುಷ್ಯನಿಗೆ ತನಗೂ ಒಂದು ಕಾಗದ ಬರಲಿ ಎಂಬ ಆಸೆ ಇರುವುದು ಸಹಜ. ಅಂಚೆಚೀಟಿ ಕೂಡಿಹಾಕುವ ಹವ್ಯಾಸದಿಂದ ಅವರಿಗೆ ಚಿಲಿ ದೇಶದ ಒಬ್ಬ ಶಾಲಾ ಮಾಸ್ತರರ ಪತ್ರಸ್ನೇಹವಾಯಿತು. ಮೊದಮೊದಲು ಆ ಕಡೆಯಿಂದ ಅಂಚೆಚೀಟಿಗಳು ಬಂದವು, ಆಮೇಲೆ ಕರಪತ್ರಗಳು ಬಂದವು. ಆ ಮಾಸ್ತರರು ಅಲ್ಲಿನ ಮಾನವತಾವಾದಿ ಪಕ್ಷದವರಂತೆ. ಅಂಥ ಪಕ್ಷ ಅರ್ಜೆಂಟೀನಾದಲ್ಲೂ ಇದೆ, ಸ್ಪೇನಿನಲ್ಲೂ ಇದೆ, ಇಟಲಿಯಲ್ಲೂ ಇದೆ ಎಂದು ನಂಜುಂಡಯ್ಯನವರು ತಮ್ಮ ನೆಂಟರ ಊರುಗಳ ಹಾಗೆ ಎಣಿಸಿ ಹೇಳುತ್ತಿದ್ದರು. ಎಲ್ಲೆಲ್ಲಿ ಗೆದ್ದಿದೆ ಎಂದು ನಾನು ಕೇಳಿದ್ದೆ. ಎಲ್ಲೋ ಒಂದೆರಡು ಕಡೆ ಒಬ್ಬಿಬ್ಬರು ಗೆದ್ದದ್ದಿದೆ, ಉಳಿದಂತೆ ಎಲ್ಲ ಕಡೆಯೂ ಬಹಳ ಮರ್ಯಾದೆಯಿಂದ ಸೋಲುತ್ತಾ ಬಂದಿದೆ ಎಂದರು.

ಇಂಗ್ಲಿಷಿನಲ್ಲಿದ್ದ ಒಂದು ಕರಪತ್ರವನ್ನು ಅವರು ಕನ್ನಡಕ್ಕೆ ಮಾಡಿ ತಂದರು, ಟೈಪ್ ಮಾಡಿದವನು ನಾನು. ಹಾಗಾಗಿ ಪಕ್ಷದ ತತ್ವಗಳು ನನಗೆ ತಲೆಯಿಂದಲ್ಲದಿದ್ದರೂ ಬೆರಳಿನಿಂದ ಬಾಯಿಪಾಠ. ಮನುಷ್ಯನಿಗಿಂತ ಮೇಲೆ ಯಾವುದೂ ಇಲ್ಲ, ಯಾವ ಮನುಷ್ಯನೂ ಇನ್ನೊಬ್ಬನಿಗಿಂತ ಕೆಳಗಿಲ್ಲ. ಹೊಡೆಯುವುದಷ್ಟೇ ಹಿಂಸೆಯಲ್ಲ, ಒಬ್ಬನ ತೀರ್ಮಾನವನ್ನು ಇನ್ನೊಬ್ಬ ತೆಗೆದುಕೊಳ್ಳುವುದೂ ಹಿಂಸೆಯೇ. ಗೆದ್ದವನು ಕೊಟ್ಟ ಮಾತು ತಪ್ಪಿದರೆ ಗೆಲ್ಲಿಸಿದವರೇ ಅವನನ್ನು ಇಳಿಸಬೇಕು. ಈ ಕೊನೆಯದನ್ನು ಟೈಪ್ ಮಾಡುವಾಗ ಅಂಗಡಿಯಲ್ಲಿ ಕೂತಿದ್ದ ಇಬ್ಬರು ಅರ್ಜಿದಾರರು ನಕ್ಕರು. ಮನೆಯಲ್ಲಿ ನನ್ನ ಹೆಂಡತಿ ಮಂಗಳಮ್ಮನಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. ಮೊದಲನೆಯದನ್ನು ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ, ಯಾವ ಮನುಷ್ಯನೂ ಕೆಳಗಿಲ್ಲ ಅಂದಮೇಲೆ ಉಂಡ ತಟ್ಟೆ ಎತ್ತಲು ಬಗ್ಗುವವರು ಯಾರು ಎಂದು ಕೇಳಿದಳು. ಆ ದಿನ ನನ್ನ ತಟ್ಟೆಯನ್ನು ನಾನೇ ಎತ್ತಿದೆ. ಮಾರನೆಯ ದಿನ ತತ್ವ ಮರೆತುಹೋಗಿತ್ತು.

ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ಬಂತು. ನಂಜುಂಡಯ್ಯನವರು ವಿಧಾನಸಭೆಗೆ ನಿಲ್ಲುತ್ತೇನೆಂದರು. ಪಕ್ಷ ನಾಲ್ಕಾರು ದೇಶಗಳಲ್ಲಿದ್ದರೂ ನಮ್ಮ ತಾಲ್ಲೂಕು ಕಚೇರಿಯ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಪಕ್ಷೇತರರಾಗಿ ನಿಲ್ಲಬೇಕು, ಪಕ್ಷೇತರನಿಗೆ ಹತ್ತು ಜನ ಸೂಚಕರು ಸಹಿ ಹಾಕಬೇಕು. ಒಂಬತ್ತು ಜನ ಸಿಕ್ಕಿದ್ದರು. ಅವರಲ್ಲಿ ಆರು ಜನ ನಮ್ಮ ಬೀದಿಯವರೇ, ನಮ್ಮ ಬೂತಿನವರೇ. ಹತ್ತನೆಯವನು ಕೊನೆಯ ದಿನ ಮೊಮ್ಮಗಳ ನಾಮಕರಣವೆಂದು ನಂಜನಗೂಡಿಗೆ ಹೋಗಿಬಿಟ್ಟ. ನಾಮಪತ್ರ ಸಲ್ಲಿಸಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ನಂಜುಂಡಯ್ಯನವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಸಹಿ ಹಾಕಿ ಎನ್ನಲಿಲ್ಲ. “ನಿಮಗೆ ಸರಿ ಅನಿಸಿದ್ರೆ ಮಾತ್ರ” ಎಂದರು. ಹಾಗೆ ಕೇಳುವವರಿಗೆ ಇಲ್ಲ ಎನ್ನುವುದು ಬಹಳ ಕಷ್ಟ. ಹಾಕಿದೆ. ನಾಮಪತ್ರ ಸಲ್ಲಿಸಿ ಬಂದ ಕೂಡಲೇ ಅವರು ನನ್ನಿಂದ ಇನ್ನೊಂದು ಕಾಗದ ಟೈಪ್ ಮಾಡಿಸಿದರು. ಅದು ಅವರ ರಾಜೀನಾಮೆ ಪತ್ರ. ತಾರೀಕಿನ ಜಾಗ ಖಾಲಿ ಬಿಟ್ಟು, ಸಹಿ ಮಾಡಿ, ಹತ್ತು ಸೂಚಕರಿಗೂ ಒಂದೊಂದು ಪ್ರತಿ ಕೊಟ್ಟರು. ತಾವು ಗೆದ್ದು ಮಾತು ತಪ್ಪಿದರೆ ತಾರೀಕು ತುಂಬಿ ಕಳಿಸಿಬಿಡಿ ಎಂದರು. ನಾನು ಅದನ್ನು ಕಾರ್ಬನ್ ಪೇಪರಿನ ಕೆಳಗೆ ಡ್ರಾಯರಿನಲ್ಲಿಟ್ಟೆ.

ಅವರಿಗೆ ಸಿಕ್ಕ ಗುರುತು ಪ್ರೆಶರ್ ಕುಕ್ಕರು. ಏನನ್ನೂ ಹಂಚುವುದಿಲ್ಲ ಎಂದು ವ್ರತ ತೊಟ್ಟವರಿಗೆ ಇದಕ್ಕಿಂತ ಕೆಟ್ಟ ಗುರುತು ಇರಲಾರದು. ಸೈಕಲ್ಲಿನಲ್ಲಿ ಹೋದ ಕಡೆಯೆಲ್ಲ ಹೆಂಗಸರು ಎಷ್ಟು ಲೀಟರಿನದು ಕೊಡುತ್ತೀರಿ ಎಂದು ಕೇಳಿದರು. ಚಿತ್ರ ಮಾತ್ರ ಎಂದಾಗ ಬಾಗಿಲು ಹಾಕಿಕೊಂಡರು. ನಮ್ಮ ತಾಲ್ಲೂಕಿನದೇ ಆದ ಮದ್ದೂರಿನ ಕಡೆ, ಕಾಡಿನ ಜನರ ಒಂದು ಹಾಡಿಯಂಚಿನಲ್ಲಿ ಅವರು ಕರಪತ್ರ ಓದುತ್ತಿದ್ದಾಗ ಬಾಳೆ ತೋಟ ಕಾಯುತ್ತಿದ್ದ ಒಬ್ಬ ಮುದುಕ ಅಟ್ಟಣೆ ಮೇಲಿಂದಲೇ ಕೇಳಿದನಂತೆ: “ಮನುಸನ್ಗಿಂತ ಮ್ಯಾಲೆ ಯಾರೂ ಇಲ್ಲ ಅಂತೀರಲ್ಲ ಸಾಮಿ, ಈ ಮಾತ ಆನೆಗೆ ಏಳಿದ್ದೀರಾ?” ನಂಜುಂಡಯ್ಯನವರು ಇದನ್ನು ತಮಾಷೆಯೆಂದು ತಿಳಿಯಲಿಲ್ಲ. ಕರಪತ್ರದಲ್ಲಿ ಈ ವಿಷಯ ಬಿಟ್ಟುಹೋಗಿದೆ ಎಂದು ಚಿಲಿಗೆ ಬರೆದರು.

ಈಗ ನನ್ನ ಬಾಮೈದ ಸಿದ್ದರಾಜುವಿನ ವಿಷಯ. ಮಂಗಳಮ್ಮನ ತಮ್ಮ ಇವನು, ಬೇಸಾಯಗಾರ, ಒಳ್ಳೆಯ ಮನಸ್ಸಿನವನು, ಆದರೆ ಒಂದು ದೊಡ್ಡ ಪಕ್ಷದ ಕೆಲಸಗಾರ. ನಮ್ಮ ಬೂತಿನ ಉಸ್ತುವಾರಿ ಅವನದು. ನಾಮಪತ್ರಗಳ ವಿವರವನ್ನು ಕಚೇರಿಯ ನೋಟೀಸ್ ಬೋರ್ಡಿಗೆ ಹಚ್ಚುತ್ತಾರೆ, ಅದರಲ್ಲಿ ಸೂಚಕರ ಹೆಸರೂ ಇರುತ್ತದೆ ಎಂಬುದು ಆ ಬೋರ್ಡಿನ ಎದುರಿಗೇ ಇಪ್ಪತ್ತು ವರ್ಷ ಕೂತ ನನಗೆ ಹೊಳೆದಿರಲಿಲ್ಲ. ಮತದಾನಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ಸಿದ್ದರಾಜು ಮನೆಗೆ ಬಂದ. ನೇರವಾಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ಇಳಿದು ಬಂದಿದ್ದ. ಕೈಯಲ್ಲಿ ಬಾಳೆಲೆಯ ಪೊಟ್ಟಣವಿತ್ತು.

“ಬಾವ, ಬೋರ್ಡಲ್ಲಿ ನಿಮ್ಮ ಎಸ್ರು ನೋಡ್ಬುಟ್ಟು ನಮ್ ಲೀಡ್ರು ನನ್ನ ಮಕ ನೋಡುದ್ರು. ಮನೆಯೋರ್ನೆ ಇಡ್ಕಳಕಾಗ್ದೋನು ಬೂತ್ ಇಡ್ಕಂಡನಾ ಅಂದ್ರು. ಸೈನ್ ಆಕಿದ್ದು ಆಗೋಯ್ತು, ಬುಡಿ. ಓಟು ಮಾತ್ರ ನಮ್ಗೆ. ಇಡೀರಿ ಪರ್ಸಾದ” ಎಂದ.

ನಮ್ಮ ಕಡೆ ಇದೊಂದು ಪದ್ಧತಿ. ಬೆಟ್ಟದ ಪ್ರಸಾದ ಕೈಗೆ ಹಾಕಿ ಮಾತು ಕೇಳಿದರೆ ಮುಗಿಯಿತು, ತಪ್ಪುವಂತಿಲ್ಲ. ಹೊಲದ ಗಡಿ ಜಗಳಗಳೇ ಇದರಿಂದ ತೀರಿವೆ, ಬೂತು ಯಾವ ಲೆಕ್ಕ. ನಾನು ನಂಜುಂಡಯ್ಯನವರನ್ನು ನೆನೆದೆ. ಆಮೇಲೆ ಸಿದ್ದರಾಜುವಿನ ಮುಖ ನೋಡಿದೆ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕೈ ಚಾಚಿದೆ. ಮಂಗಳಮ್ಮನೂ ಒಳಗಿಂದ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಪ್ರಸಾದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ತಿಂದಳು. ಮೂವರೂ ಕಾಫಿ ಕುಡಿದೆವು.

ಮತದಾನದ ದಿನ ಎರಡು ಯಂತ್ರಗಳಿದ್ದವು. ದೆಹಲಿಯದನ್ನು ಸಲೀಸಾಗಿ ಒತ್ತಿದೆ. ಬೆಂಗಳೂರಿನದರ ಮುಂದೆ ನಿಂತೆ. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಕುಕ್ಕರು ಇತ್ತು. ಬೆರಳು ಅದರವರೆಗೂ ಹೋಯಿತು. ನಿಜವಾಗಿ ಹೋಯಿತು, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಪ್ರಮಾಣದ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇಲ್ಲದಂತಾದದ್ದು ಆ ಕ್ಷಣದಲ್ಲೇ. ಮೇಷ್ಟ್ರು ಹೇಗೂ ಗೆಲ್ಲುವುದಿಲ್ಲ, ಒಂದು ಓಟು ಹೆಚ್ಚಾದರೂ ಅಷ್ಟೇ ಕಡಿಮೆಯಾದರೂ ಅಷ್ಟೇ. ದೇವರಾದರೋ ಹತ್ತಿರದಲ್ಲೇ ಇದ್ದಾನೆ. ಹೀಗೆಲ್ಲ ಯೋಚಿಸುವಷ್ಟು ಹೊತ್ತು ನಿಂತಿದ್ದೆ. ಮಿಷನ್ ಕೆಟ್ಟಿದೆಯಾ ಸಾರ್ ಎಂದು ಹೊರಗಿನಿಂದ ಅಧಿಕಾರಿ ಕೇಳಿದರು. ಇಲ್ಲ ಎಂದೆ. ಮಿಷನ್ ಸರಿಯಾಗಿಯೇ ಇತ್ತು. ಬೆರಳನ್ನು ಮೇಲಕ್ಕೆ ಸರಿಸಿ ಒತ್ತಿದೆ. ಅದು ಕೂಗಿದ ಸದ್ದು ನನ್ನ ಕಿವಿಗೆ ಊರಿಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು.

ಎಣಿಕೆ ಚಾಮರಾಜನಗರದಲ್ಲಿ. ಏಜೆಂಟರಾಗಿ ಕೂರಲು ನಂಜುಂಡಯ್ಯನವರು ಹತ್ತು ಜನರನ್ನೂ ಕರೆದಿದ್ದರು. ಒಬ್ಬರಿಗೆ ಮದುವೆ, ಒಬ್ಬರಿಗೆ ಮಂಡಿನೋವು, ಹೀಗೆ ಒಂಬತ್ತು ಜನರಿಗೂ ಏನೇನೋ ಬಂದಿತ್ತು. ನನಗೂ ಏನಾದರೂ ಬರಲಿ ಎಂದು ಕಾದೆ, ಬರಲಿಲ್ಲ. ಇಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಅವರು ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಿದ್ದರು. ಒಳಗೆ ತಂತಿ ಜಾಲರಿ, ಆ ಕಡೆ ಮೇಜುಗಳು, ಈ ಕಡೆ ನಾವು. ಒಂದೊಂದೇ ಯಂತ್ರ ತೆರೆದಾಗಲೂ ಅಂಕಿಗಳನ್ನು ನಾನು ಬರೆದುಕೊಳ್ಳುತ್ತಿದ್ದೆ. ಕುಕ್ಕರಿಗೆ ಕೆಲವು ಬೂತುಗಳಲ್ಲಿ ಹತ್ತು, ಹದಿನೈದು ಕೂಡ ಬಂತು. ಆನೆಯ ಪ್ರಶ್ನೆ ಕೇಳಿದ ಕಡೆ ಒಂಬತ್ತು. ಆಮೇಲೆ ನಮ್ಮ ಬೂತು ಬಂತು. ಸೂಚಕರು ಏಳು ಜನ, ಅಭ್ಯರ್ಥಿ ಒಬ್ಬರು, ಒಟ್ಟು ಎಂಟು. ಯಂತ್ರ ತೋರಿಸಿದ್ದು ಎರಡು.

ನನ್ನ ಪೆನ್ನು ಎರಡು ಎಂದು ಬರೆಯಿತು. ನಂಜುಂಡಯ್ಯನವರು ಹಾಳೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, “ಒಂದು ನನ್ನದು. ಏಳು ಜನರಲ್ಲಿ ಬಂದವರು ನೀವೊಬ್ಬರೇ, ಒತ್ತಿದವರೂ ನೀವೊಬ್ಬರೇ” ಎಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು. ನಾನು ಆಗ ಹೇಳಬೇಕಾಗಿತ್ತು. ಹೇಳಲಿಲ್ಲ. ಹಾಗಾದರೆ ಆ ಇನ್ನೊಂದು ಓಟು ಯಾರದು ಎಂಬ ಯೋಚನೆಯನ್ನು ಅಡ್ಡ ಇಟ್ಟುಕೊಂಡು ಬಸ್ಸಿನಲ್ಲಿ ವಾಪಸಾದೆ. ನನ್ನ ಹಾಗೆ ಸಹಿ ಹಾಕಿದ್ದ ಹೋಟೆಲಿನ ಮಾದಪ್ಪನದೋ, ಹೊಲಿಗೆ ಅಂಗಡಿಯವನದೋ? ಯಾರದಾದರೂ ಆಗಿರಲಿ, ಅವನನ್ನು ಮನಸ್ಸಿನಲ್ಲೇ ಬೈದೆ. ಅವನೊಬ್ಬ ಸುಮ್ಮನಿದ್ದಿದ್ದರೆ ನನಗೆ ಈ ಕೀರ್ತಿ ಬರುತ್ತಿರಲಿಲ್ಲ.

ಮನೆಗೆ ಬಂದಾಗ ಮಂಗಳಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಮ್ಮ ಬೂತಿನಲ್ಲಿ ಎಷ್ಟು ಬಂತು ಎಂದು ಕೇಳಿದಳು. ಎರಡು ಎಂದೆ. ಅವಳ ಕೈ ನಿಂತಿತು.

“ಎಲ್ಡು ಎಂಗಾಯ್ತದೆ? ಮೇಷ್ಟ್ರುದು, ನಿಮ್ದು, ನಂದು. ಮೂರು ಬರ್ಬೇಕಿತ್ತಲ್ಲ.”

ನಾನು ಚಪ್ಪಲಿ ಬಿಡುವ ಕೆಲಸವನ್ನು ಎಷ್ಟು ನಿಧಾನವಾಗಿ ಮಾಡಬಹುದೋ ಅಷ್ಟು ನಿಧಾನವಾಗಿ ಮಾಡಿದೆ. ತಲೆ ಎತ್ತಿದಾಗ ಅವಳು ಇನ್ನೂ ನೋಡುತ್ತಲೇ ಇದ್ದಳು. ಅವಳಿಗೆ ಗೊತ್ತಾಗಿತ್ತು. ಪ್ರಸಾದ ಹಿಡಿದು ಮಾತು ಕೊಟ್ಟಿದ್ದೆವಲ್ಲ, ನೀನೂ ತಿಂದೆಯಲ್ಲ ಎಂದು ನಾನೇ ಜೋರು ಮಾಡಿದೆ.

“ಪರ್ಸಾದ ಗೋಪಾಲಸ್ವಾಮಿದು. ಆ ಸ್ವಾಮಿ ಏನು ಎಲೆಕ್ಷನ್‌ಗೆ ನಿಂತಿದ್ನಾ? ನಮ್ ಸಿದ್ದ ನನ್ನ ಏನೂ ಕೇಳ್ನಿಲ್ಲ, ನಿಮ್ಮನ್ನ ಕೇಳ್ದ. ನನ್ನ ಓಟ ಇಷ್ಟು ವರ್ಸಕ್ಕೆ ನನ್ನನ್ನೇ ಕೇಳ್ದೋರು ಆ ಮೇಷ್ಟ್ರು ಒಬ್ರೇ” ಎಂದಳು.

ನಂಜುಂಡಯ್ಯನವರು ಒಂದು ದಿನ ನಾನು ಅಂಗಡಿಯಲ್ಲಿದ್ದಾಗ ಮನೆಗೆ ಬಂದಿದ್ದರಂತೆ. ಯಜಮಾನರಿಲ್ಲ ಎಂದು ಇವಳು ಹೇಳಿದಾಗ, ಅವರನ್ನು ಆಗಲೇ ಕೇಳಿದ್ದೇನೆ, ಈಗ ನಿಮ್ಮನ್ನು ಕೇಳಲು ಬಂದೆ ಎಂದು ಹೊರಗೆ ಜಗುಲಿಯಲ್ಲಿ ಕೂತು ಕರಪತ್ರವನ್ನು ಪೂರ್ತಿ ಓದಿ ಹೋದರಂತೆ. ನನ್ನ ಬೆರಳಿನಲ್ಲೇ ಉಳಿದ ತತ್ವ ಇವಳಲ್ಲಿ ಎಲ್ಲಿಗೆ ಇಳಿಯಬೇಕಿತ್ತೋ ಅಲ್ಲಿಗೆ ಇಳಿದಿತ್ತು.

ವಾರದ ಮೇಲೆ ನಂಜುಂಡಯ್ಯನವರು ಚಿಲಿಗೆ ಬರೆಯುವ ಪತ್ರವನ್ನು ಟೈಪಿಗೆ ತಂದರು. ಸೋತದ್ದನ್ನು ಎರಡು ಸಾಲಿನಲ್ಲಿ ಮುಗಿಸಿ, ನಮ್ಮ ಮತಗಟ್ಟೆಯಲ್ಲಿ ಪಕ್ಷದ ಬಲ ಎರಡು, ಒಬ್ಬ ನಾನು, ಇನ್ನೊಬ್ಬರು ಧೈರ್ಯಶಾಲಿಯಾದ ನನ್ನ ನೆರೆಯವರು ಎಂದು ನನ್ನ ಹೆಸರನ್ನು ಬರೆದಿದ್ದರು. ಬೇರೆಯವರ ಬರಹವನ್ನು ಕೇಳದೆ ತಿದ್ದಿದವನಲ್ಲ ಎಂದು ಆಗಲೇ ಹೇಳಿದೆನಲ್ಲ, ಅಂದು ತಿದ್ದಿದೆ. ನನ್ನ ಹೆಸರಿದ್ದ ಕಡೆ ಮಂಗಳಮ್ಮ ಎಂದು ಹೊಡೆದು ಅವರ ಕೈಗೆ ಕೊಟ್ಟೆ. ಅವರು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. ಇಲ್ಲಿ ಟೈಪು ತಪ್ಪಿದೆಯಲ್ಲ ಎಂದರು. ಇಲ್ಲ ಸಾರ್, ಸರಿಯಾಗಿದೆ ಎಂದೆ. “ಹಾಗಾದರೆ ನೀವು?” ಎಂದು ಕೇಳಿದರು.

“ನಾನು ಸೂಚಕ” ಎಂದೆ.

ನಾನು ಡ್ರಾಯರಿನಿಂದ ಅವರ ರಾಜೀನಾಮೆ ಪತ್ರವನ್ನು ತೆಗೆದು ಮುಂದಿಟ್ಟೆ. ಅವರು ಮಾತು ತಪ್ಪಿದರೆ ಇಳಿಸಲೆಂದು ಕೊಟ್ಟ ಕಾಗದ. ತಪ್ಪಿದವನ ಬಳಿಯೇ ಅದು ಇಷ್ಟು ದಿನ ಬೆಚ್ಚಗಿತ್ತು. ಅದನ್ನು ಅವರು ಮಡಿಸಿ ನನ್ನ ಕಡೆಗೇ ತಳ್ಳಿದರು. “ಇಟ್ಕೊಳ್ಳಿ. ಮುಂದಿನ ಸಲಕ್ಕೂ ಹತ್ತು ಜನ ಬೇಕಲ್ಲ” ಎಂದು ಸೈಕಲ್ ಹತ್ತಿ ಹೋದರು. ಆ ಸಂಜೆ ಎಂದಿನ ಹಾಗೆ ಅಂಗಡಿಗೆ ಬಂದು ಪೇಪರ್ ಓದಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಹಿಂಸೆ ಎಂಬುದು ಎಷ್ಟು ಜೋರಾಗಿ ತಗಲುತ್ತದೆ ಎಂಬುದನ್ನು ಯಾವ ದೇಶದ ಕರಪತ್ರವೂ ಮುಂಚಿತವಾಗಿ ಹೇಳಿಲ್ಲ.

ಮೂರು ತಿಂಗಳಿಗೆ ಚಿಲಿಯಿಂದ ಉತ್ತರ ಬಂತು, ಮಂಗಳಮ್ಮನ ಹೆಸರಿಗೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕೇರಾಫ್ ಎಂದು ನನ್ನ ಹೆಸರಿತ್ತು. ನಿಮ್ಮ ಮತಗಟ್ಟೆಯಲ್ಲಿ ಪಕ್ಷ ಬೆಳೆಯುತ್ತಿದೆಯೇ ಎಂದು ಅಲ್ಲಿನ ಮಾಸ್ತರರು ಕೇಳಿದ್ದರು. ಮಂಗಳಮ್ಮ ಅಂಗಡಿಗೇ ಬಂದು ಬೆಂಚಿನ ಮೇಲೆ ಕೂತು ಉತ್ತರ ಹೇಳಿದಳು. ನಂಜುಂಡಯ್ಯನವರು ಪಕ್ಕದಲ್ಲಿ ಕೂತು ಅದನ್ನು ಇಂಗ್ಲಿಷಿಗೆ ಮಾಡಿದರು.

“ಸದ್ಯಕ್ಕೆ ಇಬ್ರು ಇದೀವಿ. ಮೂರನೇವ್ರು ಇನ್ನೂ ಟೈಪ್ ಮಾಡ್ತಾವ್ರೆ ಅಂತ ಬರೀರಿ” ಎಂದಳು.

ಹೇಳಿದ್ದನ್ನು ಹೇಳಿದ ಹಾಗೆಯೇ ಹೊಡೆದೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ.