ಫ್ಲೆಕ್ಸ್ ಮೇಲಿನ ದೊಡ್ಡಸ್ತಿಕೆ

ನನ್ನ ಅಂಗಡೀಲಿ ಇಂಥದ್ದೊಂದು ನಡೆಯದೇ ವಾರ ಕಳೆದರೆ, ಆ ವಾರ ವ್ಯಾಪಾರ ಸರಿಯಾಗಿಲ್ಲ ಅಂತಲೇ ಅರ್ಥ. ಪಾಂಡವಪುರದ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಡಿಸೈನ್ ಮಾಡೋಳು ನಾನೇ, ಪ್ರಿಂಟ್ ತೆಗೆಯೋಳೂ ನಾನೇ. ಹುಟ್ಟುಹಬ್ಬ, ಗೃಹಪ್ರವೇಶ, ತಿಥಿ, ಏನೇ ಇರಲಿ, ಸುತ್ತಲಿನ ತಾಲ್ಲೂಕಿನವರೆಲ್ಲ ನನ್ನನ್ನೇ ಹುಡುಕಿಕೊಂಡು ಬರ್ತಾರೆ. ನಮ್ಮ ಜನ ಗದ್ದೇಲಿ ಸೊಂಟ ಬಗ್ಗಿಸ್ತಾರೆ, ಫ್ಲೆಕ್ಸಲ್ಲಿ ಮಾತ್ರ ಯಾರಿಗೂ ಬಗ್ಗೋದಿಲ್ಲ. ಅವರ ಗತ್ತಿಗೆಲ್ಲ ಬಣ್ಣ ಕೊಡೋಳು ನಾನು ಅಂತ ನನಗೂ ಒಂದಿಷ್ಟು ಜಂಬ ಇದೆ. ಯಾಕೆ ಸುಳ್ಳು ಹೇಳಲಿ?

ಕೋಟೆ

ಶ್ರೀರಂಗಪಟ್ಟಣದವರೊಬ್ಬರು ಗೃಹಪ್ರವೇಶದ ಫ್ಲೆಕ್ಸಿಗೆ ಬಂದರು. ಹೊಸ ಮನೆ ಹಿಂದೆ ಕೋಟೆ ಗೋಡೆ ಕಾಣಬೇಕಂತೆ. ಪಟ್ಟಣದಲ್ಲಿ ಕೋಟೆ ಒಳಗಿನವರಿಗೆ ಅದೊಂದು ಗತ್ತು, ಹೊರಗಿನವರಿಗೆ ಅದೇ ಒಂದು ಕೊರಗು. ವಿಳಾಸ ನೋಡಿದರೆ ಮನೆ ಇರೋದು ಹೊಳೆ ದಾಟಿ ಕರಿಘಟ್ಟದ ರಸ್ತೇಲಿ.

"ಅಣ್ಣ, ನಿಮ್ಮನೆ ಕೋಟೆ ಒಳಗಿಲ್ವಲ್ಲ?" ಅಂದೆ.

"ಇಲ್ಲ ಕಣವ್ವ. ಆದ್ರೆ ಕೋಟೆ ಮೇಲೆ ಅತ್ತಿ ನಿಂತ್ಕಂಡು ನೋಡುದ್ರೆ ನಮ್ಮನೆ ನೀರಿನ ಟ್ಯಾಂಕು ಕಾಣ್ತದೆ. ಆಕು ನೀನು."

ಹಾಕಿದೆ. ಟ್ಯಾಂಕನ್ನ ಕೋಟೆಗಿಂತ ಒಂದು ಗೇಣು ಎತ್ತರ ಮಾಡಿಸಿಕೊಂಡು ಹೋದರು.

ಸರ

ನಮ್ಮೂರಲ್ಲೇ ಇಬ್ಬರು ಗೆಳೆಯರು. ಒಬ್ಬನ ಹುಟ್ಟುಹಬ್ಬ, ಇನ್ನೊಬ್ಬ ಶುಭ ಕೋರುವವನು. ಹುಟ್ಟುಹಬ್ಬದವನು, "ಅಕ್ಕ, ನನ್ನ ಕತ್ತಿಗೊಂದು ಚಿನ್ನದ ಸರ ಆಕ್ಬುಡು" ಅಂದ. ಹಾಕಿದೆ. ಅದು ಗೊತ್ತಾಗಿದ್ದೇ ತಡ, ಇನ್ನೊಬ್ಬ ಬಂದು ಕೂತ. "ನಂದೇನು ಬೋಳು ಕತ್ತಾ? ನಂಗೂ ಆಕು, ಅವಂದುಕ್ಕಿಂತ ದಪ್ಪಕಿರ್ಲಿ." ಮೊದಲನೆಯವನು ತಿರುಗಿ ಬಂದ, ಇನ್ನಷ್ಟು ದಪ್ಪ ಮಾಡಿಸಿದ. ಅವನು ಹೋದ, ಇವನು ಬಂದ. ಕೊನೆಗೆ ಇಬ್ಬರ ಕತ್ತಲ್ಲೂ ಎತ್ತು ಕಟ್ಟೋ ಹಗ್ಗದಷ್ಟು ಚಿನ್ನ.

ಸರ್ಕಲಲ್ಲಿ ಫ್ಲೆಕ್ಸ್ ಏರಿದ ಮಾರನೇ ದಿನ ಹುಟ್ಟುಹಬ್ಬದವನ ಫೋನು. ಪಿಸುಮಾತು.

"ಅಕ್ಕ, ನಿನ್ ಕಾಲಿಗ್ ಬೀಳ್ತೀನಿ, ಆ ಸರ ತಗ್ದುಬುಡು. ನಮ್ಮವ್ವ ಫ್ಲೆಕ್ಸ್ ನೋಡ್ಕಂಡು ಬಂದು, ಸರವ ಎಂಡ್ತಿ ಕೈಗೆ ಕೊಟ್ಟಿದ್ದೀಯ ಅಂತ ಬೀರು ಕಿತ್ತಾಕ್ತಾವ್ಳೆ. ಎಂಡ್ತಿ, ಯಾವಳ ಕೈಗೆ ಕೊಟ್ಟೆ ಅಂತ ನನ್ನೇ ಕಿತ್ತಾಕ್ತಾವ್ಳೆ."

ಸೇವೆ

ಕೆ.ಆರ್. ಪೇಟೆ ಕಡೆಯ ಯಜಮಾನರೊಬ್ಬರು, ಹಸು ಸಾಕಿ ಚೆನ್ನಾಗಿ ಬದುಕ್ತಿರೋರು, ಹಬ್ಬಕ್ಕೆ ಊರಿಗೆಲ್ಲ ಶುಭಾಶಯ ಹೇಳೋ ಫ್ಲೆಕ್ಸ್ ಕೇಳಿದರು. ಹೆಸರಿನ ಕೆಳಗೆ 'ಸಮಾಜ ಸೇವಕರು' ಅಂತ ಇರಬೇಕಂತೆ.

"ಏನು ಸೇವೆ ಮಾಡ್ತಿದ್ದೀರಿ ಯಜಮಾನ್ರೇ?" ಅಂದೆ.

"ಇನ್ನೂ ಸುರು ಮಾಡಿಲ್ಲ ಕಣವ್ವ. ಫ್ಲೆಕ್ಸ್ ಇಲ್ದೆ ಮಾಡ್ಬುಟ್ರೆ, ಮಾಡುದ್ದೋನು ನಾನೇ ಅಂತ ಜನುಕ್ಕೆ ಎಂಗೆ ಗೊತ್ತಾಗ್ತದೆ?"

ಮಹಡಿ

ಇದು ಮಾತ್ರ ನನಗೆ ಚಳಿ ಬಿಡಿಸಿದ್ದು. ನಾಗಮಂಗಲದ ಹತ್ತಿರದ ಹಳ್ಳಿಯ ರೈತರೊಬ್ಬರು ಬಂದರು. ಮಗ ರೇಷ್ಮೆ ಬೆಳೆಯೋನು, ಒಳ್ಳೆ ಕೆಲಸಗಾರ. ಆದರೆ ವ್ಯವಸಾಯದ ಹುಡುಗನಿಗೆ ಹೆಣ್ಣು ಸಿಗೋದು ನಮ್ಮ ಕಡೆ ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಕಡೆಗೂ ಮೈಸೂರಿನ ಒಂದು ಹುಡುಗಿ ಒಪ್ಪಿದ್ದಳು. ಇನ್ನು ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡಬೇಕು, ಹಿಡಿಸಿದರೆ ತಾಂಬೂಲ. ಅವರು ಬರೋ ದಿನಕ್ಕೆ ಊರಬಾಗಿಲಲ್ಲಿ ಸ್ವಾಗತದ ಫ್ಲೆಕ್ಸ್, ಅದರಲ್ಲಿ ಮನೆ ಫೋಟೊ.

ಫೋಟೊದಲ್ಲಿ ಮನೆ ಒಂದೇ ಅಂತಸ್ತು, ತಾರಸಿ ಮೇಲೆ ಕಂಬಿ ಎದ್ದು ನಿಂತಿದ್ದವು.

"ಮೇಲೊಂದು ಮಹಡಿ ಆಕ್ಬುಡವ್ವ" ಅಂದರು. "ಕಂಬಿ ಬುಟ್ಟಿವ್ನಲ್ಲ, ಕಟ್ಟೇ ಕಟ್ಟುಸ್ತೀನಿ. ನೀನು ವಸಿ ಮುಂಚೆ ಕಟ್ಟು, ಅಷ್ಟೆ. ಈ ಸಂಬಂಧ ತಪ್ಪೋದ್ರೆ ನನ್ ಮಗುಂಗೆ ಇನ್ನೊಂದು ಸಿಕ್ಕಲ್ಲ."

ಕಟ್ಟಿದೆ. ಬಾಲ್ಕನಿ, ಗಾಜಿನ ಕಿಟಕಿ, ಮೆಟ್ಟಿಲಿಗೆ ಸ್ಟೀಲ್ ಕಂಬಿ. ನಾಗಮಂಗಲದ ಯಾವ ಮೇಸ್ತ್ರೀನೂ ಅಷ್ಟು ನೀಟಾಗಿ ಕಟ್ಟಿರಲಾರ, ಇವತ್ತಿಗೂ ಎದೆ ತಟ್ಟಿ ಹೇಳ್ತೀನಿ.

ಹೆಣ್ಣಿನ ಕಡೆಯವರು ರಾಹುಕಾಲ ತಪ್ಪಿಸೋಕೆ ಅಂತ ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಫ್ಲೆಕ್ಸ್ ನೋಡಿದರು, ಮಹಡಿ ಮನೆ ಹುಡುಕಿದರು. ಆ ಊರಲ್ಲಿ ಮಹಡಿ ಮನೆ ಇದ್ದದ್ದು ಒಂದೇ, ಅದು ಈ ರೈತರ ಅಣ್ಣಂದು. ಬದುವಿನ ಜಗಳದಲ್ಲಿ ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರು ಸೀದಾ ಹೋಗಿ ಅಲ್ಲೇ ನಿಂತಿತು. ಅಣ್ಣ ಯಾವ ಪ್ರಶ್ನೇನೂ ಕೇಳದೆ ಎಲ್ಲರನ್ನೂ ಕೂರಿಸಿ ಕಾಫಿ ಕೊಡಿಸಿದರು.

ವಿಷಯ ತಿಳಿದು ತಮ್ಮ ಓಡಿ ಬಂದು ಗೇಟಿನ ಹತ್ತಿರವೇ ನಿಂತುಬಿಟ್ಟರು. ಒಳಗೆ ಹೋದರೆ ಸೋತಂಗೆ, ಹೋಗದಿದ್ದರೆ ಸಂಬಂಧ ಹೋದಂಗೆ. ಅಣ್ಣ ಒಳಗಿಂದಲೇ ಕೂಗಿದರು, "ಬಾರ್ಲಾ ಒಳಿಕೆ, ನಿನ್ ಬೀಗ್ರು ಬಂದವ್ರೆ."

ಆಮೇಲೆ ಹೆಣ್ಣಿನ ತಂದೆ ಕಡೆ ತಿರುಗಿ ಹೇಳಿದರಂತೆ: "ನೋಡಿ, ಈ ಮಹಡಿ ನಂದು. ಅವಂದು ಫ್ಲೆಕ್ಸಲ್ಲಿ ಮಾತ್ರ ಐತೆ. ಆದ್ರೆ ಹುಡುಗ ನಮ್ಮ ವಂಶದೋನು. ಅವನಂಗೆ ರೇಷ್ಮೆ ತೆಗಿಯೋನ ನಮ್ ತಾಲ್ಲೂಕಲ್ಲೇ ತೋರ್ಸಿ, ಈ ಮಹಡೀನೇ ಬರ್ಕೊಡ್ತೀನಿ."

ಅಲ್ಲೇ, ಆ ಅಣ್ಣನ ನಡುಮನೇಲೇ ತಾಂಬೂಲ ಬದಲಾಯಿಸಿಕೊಂಡರು. ಸಂಜೆ ರೈತರೇ ಫೋನ್ ಮಾಡಿ ಇದನ್ನೆಲ್ಲ ಹೇಳಿದರು. ನನಗೆ ಚಳಿ ಬಿಟ್ಟಿದ್ದು ಆಗ. ನಾನು ಕಟ್ಟಿದ ಮಹಡಿ ಒಂದು ಮದುವೇನೇ ಕೆಡವಿಬಿಡ್ತಿತ್ತಲ್ಲ ಅಂತ.

ಮುಂದಿನ ವಾರ ಅಂಗಡಿ ಮುಂದೆ ಒಂದು ಕಾರು ನಿಂತಿತು. ಇಳಿದವರು, "ನಾಗಮಂಗಲದೋರಿಗೆ ಮಹಡಿ ಹಾಕಿಕೊಟ್ಟೋರು ನೀವೇನಾ? ನಾನು ಹೆಣ್ಣಿನ ತಂದೆ" ಅಂದರು. ಬೈಯೋಕೆ ಬಂದಿದ್ದಾರೆ, ಬೈಸಿಕೊಳ್ಳೋಣ ಅಂತ ಎದ್ದು ನಿಂತೆ.

ಅವರು ಆಚೆ ಈಚೆ ನೋಡಿ, ಬಾಗಿಲು ಮುಂದಕ್ಕೆ ಮಾಡಿ, ಮೊಬೈಲಲ್ಲಿ ತಮ್ಮ ಮನೆ ಫೋಟೊ ತೆಗೆದು ನನ್ನ ಮುಂದೆ ಇಟ್ಟರು.

"ಬೀಗರು ನಮ್ಮನೆಗೆ ಬರ್ತಿದ್ದಾರೆ. ಇದಕ್ಕೆ ಎರಡು ಮಹಡಿ ಹಾಕಿಬಿಡಮ್ಮ. ಅವರದು ಒಂದೇ ತಾನೇ?"