ಆಕಾಶದ ಹುಡುಗಿಗೆ ಒಂದು ಬೊಟ್ಟು

ಎಲ್ಲರ ಮನೆಯಲ್ಲೂ ಟಿ.ವಿ. ನೋಡುತ್ತಾರೆ. ನಮ್ಮತ್ತೆ ಮಾತ್ರ ಅದರೊಳಗಿನವರ ಜೊತೆ ಸಂಸಾರ ಮಾಡುತ್ತಿದ್ದರು. ಹಾಗಾಗಿ ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ವಾರಕ್ಕೊಂದು ಫಜೀತಿ ತಪ್ಪುತ್ತಿರಲಿಲ್ಲ.

ಸಂಬಂಧ

ಆಗ ತೊಂಬತ್ತರ ದಶಕ. ಭಾನುವಾರ ಬೆಳಿಗ್ಗೆ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ಓಡಾಡುವ ಹಡಗು, ಅದಕ್ಕೊಬ್ಬ ಬಿಳಿಗಡ್ಡದ ಕ್ಯಾಪ್ಟನ್, ಅವನ ಜೊತೆಗೆ ಹದಿನಾರು ವರ್ಷದ ಹುಡುಗಿ. ಹಡಗು ಕೆಟ್ಟಾಗಲೆಲ್ಲ ಮುದುಕ ಗಡ್ಡ ಕೆರೆಯುತ್ತ ನಿಲ್ಲುವನು, ಹುಡುಗಿ ರಿಪೇರಿ ಮಾಡುವಳು. ಅಷ್ಟು ಚುರುಕು!

ಅತ್ತೆಗೆ ಇಂಗ್ಲಿಷ್ ಬಾರದು. ಕಥೆ ಹೇಳುವ ಕೆಲಸ ಐದನೇ ಕ್ಲಾಸಿನ ನನ್ನ ಮಗಳದು. ನನಗೆ ಚಿಂತೆ ಇದ್ದದ್ದೂ ಇವಳದೇ. ಹಿಂದಿನ ವರ್ಷ ಕ್ಲಾಸಿನಲ್ಲಿ ಇವಳು ಏನೋ ಪ್ರಶ್ನೆ ಕೇಳಿದ್ದಕ್ಕೆ ಎಲ್ಲರೂ ನಕ್ಕುಬಿಟ್ಟಿದ್ದರು. ಅವತ್ತಿನಿಂದ ಹೊರಗಿನವರೆದುರು ಬಾಯೇ ಬಿಡುತ್ತಿರಲಿಲ್ಲ. ಮನೆಯಲ್ಲೂ ಈ ಕಥೆ ಬಿಟ್ಟರೆ ಹೂಂ, ಊಹೂಂ, ಅಷ್ಟೇ. ಬೈದೆ, ಮುದ್ದು ಮಾಡಿದೆ, ಏನೂ ಪ್ರಯೋಜನವಾಗಲಿಲ್ಲ.

ಮೊದಲ ವಾರವೇ ಅತ್ತೆ ಕೇಳಿದರು, ಆ ಹುಡುಗಿ ಆ ಮುದುಕನಿಗೆ ಏನಾಗಬೇಕು ಅಂತ. ಸಹಾಯಕಿ ಅಂದಳು ಮಗಳು. ಅತ್ತೆ ಒಪ್ಪಲಿಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಯಾರೋ ಗಂಡಸಿನ ಜೊತೆ ಅಷ್ಟು ದೂರ ಕಳಿಸಿದ ತಾಯಿ ಎಂಥವಳು ಅಂತ ಶುರು ಮಾಡಿದರು.

ಮಗಳು ಸ್ವಲ್ಪ ಯೋಚಿಸಿ, "ತಾತ ಕಣಜ್ಜಿ. ಅವಳ ಅಮ್ಮನ ಅಪ್ಪ" ಅಂದಳು.

"ಹಂಗನ್ನು ಮತ್ತೆ. ದಸರಾ ರಜಕ್ಕೆ ಬಂದಿರ್ಬೇಕು."

ಬೊಟ್ಟು

ಅತ್ತೆಗೆ ಆಮೇಲೆ ಕಾಡಿದ್ದು ಹುಡುಗಿಯ ಬೋಳು ಹಣೆ. ಒಂದು ಭಾನುವಾರ ಅವಳು ತೆರೆಯ ತುಂಬ ಕಾಣಿಸಿಕೊಂಡಾಗ ಎದ್ದುಹೋಗಿ, ಗಾಜಿನ ಮೇಲೆ ಸರಿಯಾಗಿ ಹಣೆಯ ಜಾಗಕ್ಕೆ ಒಂದು ಕೆಂಪು ಸ್ಟಿಕರ್ ಅಂಟಿಸಿಬಿಟ್ಟರು. ಹುಡುಗಿ ಅತ್ತ ಸರಿದಳು. ಬೊಟ್ಟು ಮುದುಕನ ಗಡ್ಡಕ್ಕೆ ಬಂತು.

ತೆಗೆಯಲು ಬಿಡಲಿಲ್ಲ ಪುಣ್ಯಾತ್ಗಿತ್ತಿ. ವಾರ್ತೆ ಓದುವವರ ಮೂಗು, ಕ್ರಿಕೆಟ್ ಅಂಪೈರ್ ಹೊಟ್ಟೆ, ಎಲ್ಲಕ್ಕೂ ಬೊಟ್ಟಾಯಿತು. ಮೇಟಗಳ್ಳಿಯ ಫ್ಯಾಕ್ಟರಿಯಿಂದ ದಣಿದು ಬರುವ ನಮ್ಮೆಜಮಾನರು ಅದನ್ನೇ ಚೆಂಡು ಅಂದುಕೊಂಡು ಎರಡು ಓವರ್ ನೋಡಿದರು.

ಒಂದು ದಿನ ಟಿ.ವಿ.ಯ ಸೌಂಡ್ ಸರಿಮಾಡಲು ರಿಪೇರಿಯವರು ಬಂದರು. ಸೌಂಡ್ ಬಿಟ್ಟು ಕೆಂಪು ಚುಕ್ಕೆ ಹಿಡಿದರು. ಪಿಕ್ಚರ್ ಟ್ಯೂಬ್ ಹೋಗಿರಬೇಕು ಅಂತ ಹಿಂದಿನಿಂದ ಬಿಚ್ಚಿ ಕಾಲು ಗಂಟೆ ಒದ್ದಾಡಿ, ಕೊನೆಗೆ ಮುಂದೆ ಬಂದು ಉಗುರಿನಿಂದ ಕೆರೆದರು.

ಅತ್ತೆ ಒಳಗಿಂದ, "ಅದನ್ನ ಮುಟ್ಬೇಡಪ್ಪ, ಅದು ಹುಡುಗೀದು" ಅಂದರು.

ಹರಕೆ

ಒಂದು ವಾರ ಹುಡುಗಿ ಒಬ್ಬಳೇ ಹಡಗಿನ ಹೊರಗೆ ಹೋದಳು, ಅದೇ ಹೊತ್ತಿಗೆ ಕರೆಂಟೂ ಹೋಯಿತು. ಅತ್ತೆಗೆ ವಾರವೆಲ್ಲ ಊಟ ಸೇರಲಿಲ್ಲ. ಅವಳು ಕ್ಷೇಮವಾಗಿ ಬಂದರೆ ಬೆಟ್ಟದ ತಾಯಿಗೆ ಅರ್ಚನೆ ಅಂತ ಹರಕೆ ಹೊತ್ತರು. ಮುಂದಿನ ಭಾನುವಾರ ಬಂದಳು ಮಹಾರಾಯ್ತಿ.

ಬೆಟ್ಟದಲ್ಲಿ ಜನವೋ ಜನ. ಅರ್ಚಕರು ಯಾರ ಹೆಸರಿಗೆ ಅಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಮೇಲೆ ತೂಗುತ್ತಿದ್ದ ಗಂಟೆ ನೋಡಿದೆ. ಆಗ ನನ್ನ ಮಗಳು, ಅಷ್ಟು ಜನರೆದುರು, ಗಟ್ಟಿಯಾಗಿ ಶುರು ಮಾಡಿದಳು. ಹಡಗು ಹೇಗೆ ಕೆಟ್ಟಿತು, ಹುಡುಗಿ ಹೇಗೆ ಹಗ್ಗ ಕಟ್ಟಿಕೊಂಡು ಹೊರಗಿಳಿದಳು, ಯಾವ ತಂತಿಗೆ ಯಾವುದನ್ನು ಸೇರಿಸಿದಳು, ಒಂದೂ ಬಿಡಲಿಲ್ಲ. ಹಿಂದಿದ್ದವರು ತಳ್ಳುವುದನ್ನು ನಿಲ್ಲಿಸಿ, ಆಮೇಲೇನಾಯ್ತಮ್ಮ ಅಂದರು. ನನಗೆ ಅಳು ಬಂದುಬಿಟ್ಟಿತು.

ಅರ್ಚಕರು ಪೂರ್ತಿ ಕೇಳಿ, ಗೋತ್ರ ಅಂದರು.

"ನಮ್ದೇ ಹೇಳಿ ಸ್ವಾಮಿ" ಅಂದರು ಅತ್ತೆ. "ಅಲ್ಲಿ ಅವಳಿಗೆ ಯಾರಿದಾರೆ?"

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಸಣ್ಣ ಮುಖ ಮಾಡಿಕೊಂಡು ತಪ್ಪೊಪ್ಪಿಕೊಂಡಳು. "ಅಜ್ಜಿ, ಆ ಮುದುಕ ಅವಳ ತಾತ ಅಲ್ಲ. ನಾನೇ ಸುಳ್ಳು ಹೇಳಿದ್ದು."

ಅತ್ತೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಗೊತ್ತು ಬುಡು. ನೀನು ಬಾಯ್ಬಿಟ್ಟು ಮಾತಾಡ್ತಿದ್ದೆಯಲ್ಲ, ಅದಕ್ಕೇ ಕೇಳ್ತಾ ಕೂತಿದ್ದೆ. ಸ್ವಂತ ತಾತ ಆಗಿದ್ರೆ ಮೊಮ್ಮಗಳ ಹಣೆ ಹಂಗೆ ಬೋಳು ಬುಡ್ತಿದ್ನಾ?"